ಇಪ್ಪತ್ತಮೂರು ಹಲ್ಲಿನ ಚಕ್ರ

ನನ್ನ ಸೈಕಲ್ ಅಂಗಡಿಗೆ ಬರುವ ಗಂಡಸರು ವಯಸ್ಸು ಕೇಳಿದರೆ ನಿಜ ಹೇಳುತ್ತಾರೆ. ತೂಕ ಕೇಳಿದರೆ ಎರಡು ಕಿಲೋ ಇಳಿಸಿ ಹೇಳುತ್ತಾರೆ. ಹಿಂದಿನ ಹಲ್ಲುಚಕ್ರ ಎಷ್ಟು ಹಲ್ಲಿನದು ಬೇಕು ಎಂದು ಕೇಳಿದರೆ ಮಾತ್ರ ಹಸಿ ಸುಳ್ಳು. ಹಿಂದೆ ಹಲ್ಲು ಹೆಚ್ಚಿದ್ದಷ್ಟೂ ತುಳಿಯುವುದು ಹಗುರ, ಸಾಗುವುದು ನಿಧಾನ. ಇದು ಮಕ್ಕಳಿಗೂ ಗೊತ್ತು. ಆದರೆ ಗಾವಿಲಾನ್ ಘಟ್ಟದ ಬುಡದಲ್ಲಿರುವ ನಮ್ಮೂರಿನಲ್ಲಿ ಮೂವತ್ತು ಹಲ್ಲಿನ ಚಕ್ರ ಹಾಕಿಸಿಕೊಂಡವನನ್ನು ಅಜ್ಜಿ ಎಂದು ಕರೆಯುತ್ತಾರೆ. ಮೂವತ್ತೆರಡರವನನ್ನು ಕಂಡರೆ ಉಣ್ಣೆ ನೂಲಲು ಕದಿರು ತಂದುಕೊಡಲೇ ಎಂದು ವಿಚಾರಿಸುತ್ತಾರೆ. ಹಾಗಾಗಿ ಹೊಟ್ಟೆ ಬಂದವನೂ, ಮೊಣಕಾಲು ಸವೆದವನೂ ನನ್ನೆದುರು ನಿಂತು ಇಪ್ಪತ್ತೈದು ಸಾಕು ಎನ್ನುತ್ತಾರೆ. ಹೆಂಡತಿಯನ್ನು ಕೇಳಿಕೊಂಡು ಬಾ, ವಿಧವೆಯಾಗಲು ಅವಳಿಗೆ ಒಪ್ಪಿಗೆ ಇದ್ದರೆ ಇಪ್ಪತ್ತೈದನ್ನೇ ಹಾಕುತ್ತೇನೆ ಎಂದು ನಾನು ಕಳಿಸುತ್ತೇನೆ. ಎಂಟು ದಿನ ಬಿಟ್ಟು ಬಂದು, ಯಾರೂ ಇಲ್ಲದಾಗ, ಮೂವತ್ತು ಹಾಕಿಸಿಕೊಂಡು ಹೋಗುತ್ತಾರೆ.

ಇದು ಅಪ್ಪನಿಂದ ಬಂದ ಕಸುಬು. ಎರ್ಸಿಲಿಯಾಳ ಅಂಗಡಿ ಎಂದರೆ ಸೊಗಮೋಸೊ ಪಟ್ಟಣದವರೆಗೂ ಗೊತ್ತು. ಬಾಯಿ ಜೋರು, ಕೈ ಸರಿ ಎನ್ನುತ್ತಾರೆ. ಎರಡನ್ನೂ ನಾನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ.

ಘಟ್ಟದ ದಾರಿ ಹದಿನೆಂಟು ಕಿಲೋಮೀಟರು. ಊರೇ ಎರಡೂವರೆ ಸಾವಿರ ಮೀಟರ್ ಎತ್ತರದಲ್ಲಿದೆ, ತುದಿ ಅಲ್ಲಿಂದ ಮತ್ತೆ ಸಾವಿರದ ನೂರು ಮೀಟರ್ ಮೇಲೆ. ಹದಿನಾಲ್ಕನೆಯ ಕಿಲೋಮೀಟರಿನಲ್ಲಿ ಮಾತೆಯ ಗುಡಿಯ ತಿರುವು ಇದೆ. ಅಲ್ಲಿಗೆ ಆಲೂಗಡ್ಡೆ ಹೊಲಗಳು ಮುಗಿದು ಪಾರಮೊ ಶುರುವಾಗುತ್ತದೆ. ಮರವಿಲ್ಲ, ಹುಲ್ಲು, ಮಂಜು, ಗಾಳಿ ಅಷ್ಟೇ. ರಸ್ತೆ ಗೋಡೆಯಂತೆ ಎದ್ದು ನಿಲ್ಲುವುದೂ ಅಲ್ಲಿಯೇ, ಎದೆಗೆ ಉಸಿರು ಸಾಲದಾಗುವುದೂ ಅಲ್ಲಿಯೇ. ತುದಿಯಲ್ಲಿ ಒಂದು ಕಬ್ಬಿಣದ ಶಿಲುಬೆ ಇದೆ.

ನಮ್ಮಲ್ಲೊಂದು ಪದ್ಧತಿ. ಕಾಯಿಲೆಯಿಂದ ಎದ್ದವನು, ಮುರಿದ ಮೂಳೆ ಕೂಡಿದವನು, ಜೈಲಿನಿಂದ ಬಿಟ್ಟು ಬಂದವನು, ಯಾರೇ ಆಗಲಿ, ಮೊದಲು ಘಟ್ಟ ಹತ್ತಬೇಕು. ತನ್ನದೇ ಸೈಕಲ್ಲು, ಯಾವಾಗಲೂ ತುಳಿಯುವ ತನ್ನದೇ ಗೇರು. ಕಾಲು ನೆಲಕ್ಕೆ ತಾಗಬಾರದು. ಎಷ್ಟು ಹೊತ್ತು ಹಿಡಿಯಿತೆಂದು ಯಾರೂ ಕೇಳುವುದಿಲ್ಲ. ಶಿಲುಬೆ ಮುಟ್ಟಿ ಬಂದವನು ಗಟ್ಟಿ, ಬರದವನು ಇನ್ನೂ ರೋಗಿ. ಗಣಿಯ ಮೇಸ್ತ್ರಿಗಳು ಆಸ್ಪತ್ರೆಯ ಚೀಟಿಗಿಂತ ಇದನ್ನು ಹೆಚ್ಚು ನಂಬುತ್ತಾರೆ. ಡಾಕ್ಟರುಗಳು ವರ್ಷಕ್ಕೊಬ್ಬರು ಬರುತ್ತಾರೆ, ಚಳಿ ತಡೆಯಲಾರದೆ ಹೋಗುತ್ತಾರೆ. ಘಟ್ಟ ಎಲ್ಲಿಗೂ ಹೋಗುವುದಿಲ್ಲ, ಸುಳ್ಳೂ ಹೇಳುವುದಿಲ್ಲ ಎಂಬುದು ನಮ್ಮವರ ನಂಬಿಕೆ.

ಕುಸ್ತೋದಿಯೊ ನನ್ನ ಅಣ್ಣ. ಐವತ್ತೆಂಟು ವರ್ಷ, ನನಗಿಂತ ನಾಲ್ಕು ವರ್ಷ ದೊಡ್ಡವನು. ಹರೆಯದಲ್ಲಿ ಸೈಕಲ್ ಪಂದ್ಯಗಳಲ್ಲಿ ತುಳಿದವನು. ಒಮ್ಮೆ ದೇಶದ ದೊಡ್ಡ ಪಂದ್ಯದಲ್ಲಿ ಆರು ದಿನ ಉಳಿದು, ಏಳನೆಯ ದಿನ ಹೊಟ್ಟೆ ಕೆಟ್ಟು ಮನೆಗೆ ಬಂದಿದ್ದ. ಆ ಆರು ದಿನದ ಕತೆಯನ್ನು ಊರು ಮೂವತ್ತೈದು ವರ್ಷ ಅವನ ಬಾಯಿಂದಲೇ ಕೇಳಿದೆ. ಏಳನೆಯ ದಿನದ್ದನ್ನು ಪಾಸ್ತೋರ್ ಹೇಳುತ್ತಾನೆ. ಪಾಸ್ತೋರ್ ಆಲೂಗಡ್ಡೆ ಲಾರಿ ಓಡಿಸುವವನು, ಭಾನುವಾರಗಳಲ್ಲಿ ಅಣ್ಣನ ಜೊತೆ ಘಟ್ಟ ಹತ್ತುವ ಗೆಳೆಯ. ಪಂದ್ಯ ಬಿಟ್ಟ ಮೇಲೆ ಅಣ್ಣ ಕಲ್ಲಿದ್ದಲ ಗಣಿಗೆ ಇಳಿದ. ಇಪ್ಪತ್ತಾರು ವರ್ಷ ಇಳಿದ. ಅತ್ತಿಗೆ ಬೇಗ ತೀರಿಕೊಂಡಳು, ನಾನು ಮದುವೆಯಾಗಲೇ ಇಲ್ಲ. ಅಪ್ಪನ ಮನೆಯಲ್ಲಿ ಮುಂದೆ ಅಂಗಡಿ, ಹಿಂದೆ ನಾವಿಬ್ಬರು.

ಅಣ್ಣನ ಸೈಕಲ್ಲಿಗೆ ಮುಂದೆ ನಲವತ್ತೆರಡು ಹಲ್ಲು, ಹಿಂದೆ ಅತಿ ದೊಡ್ಡದೆಂದರೆ ಇಪ್ಪತ್ತಮೂರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅಪ್ಪ ಹಾಕಿಕೊಟ್ಟ ಅಳತೆ. ಸವೆದಾಗಲೆಲ್ಲ ಅದೇ ಅಳತೆಯ ಹೊಸದು. ಅದು ಪಂದ್ಯದ ಹುಡುಗರ ಗೇರು, ಮುದುಕರದಲ್ಲ ಎಂದು ನಾನು ವರ್ಷಾವರ್ಷ ಬೈದಿದ್ದೇನೆ. ಅವನು ನಕ್ಕು ಸುಮ್ಮನಾಗುತ್ತಿದ್ದ. ತನ್ನ ಸೈಕಲ್ಲಿನ ಚೈನನ್ನು ಕೂಡ ಒರೆಸಿದವನಲ್ಲ. ಅಪ್ಪ ಇರುವವರೆಗೆ ಅಪ್ಪ, ಆಮೇಲೆ ನಾನು.

ಕಳೆದ ವರ್ಷ ಕ್ರಿಸ್ಮಸ್ ಹೊತ್ತಿಗೆ ಕೆಮ್ಮು ಶುರುವಾಯಿತು. ಫೆಬ್ರವರಿ ಕೊನೆಯಲ್ಲಿ ಜ್ವರ ಬಂದು ಮಲಗಿದ. ಮಾರ್ಚಿನಲ್ಲಿ ಪಟ್ಟಣದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿದ್ದದ್ದು ಕರಾವಳಿ ಕಡೆಯ ಎಳೆಯ ಡಾಕ್ಟರಮ್ಮ. ಎರಡೂ ಶ್ವಾಸಕೋಶಗಳಲ್ಲಿ ಕಲ್ಲಿದ್ದಲ ಧೂಳು ಕೂತಿದೆ ಎಂದು ಎಕ್ಸ್‌ರೇ ಹಿಡಿದು ತೋರಿಸಿದಳು. ಹೋದದ್ದು ವಾಪಸು ಬರುವುದಿಲ್ಲ, ಆದರೆ ಇನ್ನೊಂದು ಹಿಡಿ ಧೂಳು ಒಳಗೆ ಹೋಗದಿದ್ದರೆ ಈ ಮನುಷ್ಯ ಹತ್ತು ಹದಿನೈದು ವರ್ಷ ಹೀಗೇ ಬದುಕಬಹುದು ಎಂದಳು. ಈಗ ಆರು ತಿಂಗಳ ರಜೆ, ಸೆಪ್ಟೆಂಬರ್ ಹನ್ನೆರಡಕ್ಕೆ ಮತ್ತೆ ಬಂದರೆ ಗಣಿಯಿಂದ ಕಾಯಂ ಬಿಡುಗಡೆಯ ಕಾಗದ ಬರೆದುಕೊಡುತ್ತೇನೆ ಎಂದಳು.

"ಘಟ್ಟ ಏನನ್ನತ್ತೋ ನೋಡೋಣ ಡಾಕ್ಟ್ರಮ್ಮ," ಎಂದ ಅಣ್ಣ. ತಮಾಷೆ ಎಂದುಕೊಂಡು ಅವಳು ನಕ್ಕಳು.

ಈಸ್ಟರಿನ ಹಿಂದಿನ ಗರಿಗಳ ಭಾನುವಾರದ ದಿನ ಹತ್ತಲು ಹೋದ. ಮಾತೆಯ ಗುಡಿಯ ತಿರುವಿನಲ್ಲಿ ಕಾಲು ನೆಲಕ್ಕಿಟ್ಟ. ಜೊತೆಗಿದ್ದ ಪಾಸ್ತೋರ್ ಮುಖ ಆಚೆ ತಿರುಗಿಸಿಕೊಂಡು ಚಕ್ರಕ್ಕೆ ಗಾಳಿ ಇದೆಯೋ ಇಲ್ಲವೋ ಎಂದು ಒತ್ತಿ ನೋಡುತ್ತಾ ನಿಂತನಂತೆ. ಅಣ್ಣ ಮನೆಗೆ ಬಂದು ಸೈಕಲ್ಲು ಒರಗಿಸಿ ಹೇಳಿದ್ದು ಇಷ್ಟೇ: "ಆಯ್ತು. ಘಟ್ಟ ಹೇಳ್ತು. ಇನ್ನು ಗಣಿಗೆ ಇಳಿಯಲ್ಲ."

ಆ ಮಾತಿಗೆ ನಾನು ಮೊಣಕಾಲೂರಿ ದೇವರಿಗೆ ವಂದಿಸಬೇಕಿತ್ತು. ಡಾಕ್ಟರಮ್ಮ, ನಾನು, ಪಾದ್ರಿ ಮೂವರೂ ಸೇರಿ ಹೇಳಿದ್ದರೂ ಕೇಳದವನು ಘಟ್ಟದ ಒಂದು ಮಾತಿಗೆ ತಲೆಬಾಗಿದ್ದ. ಆದರೆ ಮಾರನೆಯ ದಿನದಿಂದ ಅವನು ಹಿತ್ತಲ ಬೆಂಚಿನ ಮೇಲೆ ಉಣ್ಣೆಯ ರುವಾನ ಹೊದ್ದು ಗೋಡೆಗೆ ಮುಖ ಮಾಡಿ ಕೂತ. ಬೆಳಿಗ್ಗೆ ಹಾಲು-ಮೊಟ್ಟೆಯ ಸಾರು ಮಾಡಿಟ್ಟರೆ ಆರಿ ಕೆನೆಗಟ್ಟುವವರೆಗೂ ಮುಟ್ಟುತ್ತಿರಲಿಲ್ಲ. ಗಣಿಯ ದೀಪವನ್ನು ಯಾರಿಗೋ ಕೊಟ್ಟುಬಿಟ್ಟ. ಮಾತಾಡಿಸಿದರೆ ಹೂಂ, ಊಹೂಂ. ಮೂರು ವಾರ ಹೀಗೆ. ಅವನನ್ನು ಆ ಸ್ಥಿತಿಯಲ್ಲಿ ನೋಡಲು ನನ್ನಿಂದಾಗಲಿಲ್ಲ. ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರೂ ಬೆನ್ನ ಹಿಂದೆ ಆ ಬೆಂಚು ಇರುವುದು ಗೊತ್ತಾಗುತ್ತಿತ್ತು. ಮನುಷ್ಯ ಒಂದು ನಿಜವನ್ನು ನುಂಗಿ ಅರಗಿಸಿಕೊಳ್ಳಲು ಅಷ್ಟು ದಿನ ಬೇಕಾಗುತ್ತದೆ ಎಂದು ಈಗ ತಿಳಿಯುತ್ತದೆ. ನಾಲ್ಕನೆಯ ವಾರಕ್ಕೆ ತಾನಾಗಿಯೇ ಏಳುತ್ತಿದ್ದನೇನೋ. ನಾನು ಕಾಯಲಿಲ್ಲ.

ಮೊದಲು ಅವನ ಸೈಕಲ್ಲಿನ ಮುಂದಿನ ಹಲ್ಲುಚಕ್ರದಿಂದ ಮೂರು ಹಲ್ಲು ಕದ್ದೆ. ಮುಂದೆ ಹಲ್ಲು ಕಡಿಮೆಯಾದಷ್ಟೂ ತುಳಿಯುವುದು ಹಗುರ. ನಲವತ್ತೆರಡನ್ನು ಬಿಚ್ಚಿ ಮೂವತ್ತೊಂಬತ್ತು ಕೂರಿಸಿದೆ. ಅದೇ ಬಣ್ಣ, ಅದೇ ಸವಕಲು. ಹಳೆಯ ಸಾಮಾನಿನ ಡಬ್ಬದಲ್ಲಿ ಹುಡುಕಿ ತೆಗೆದದ್ದು. ಹಿಂದೆ ಇಪ್ಪತ್ತಮೂರರ ಜಾಗಕ್ಕೆ ಇಪ್ಪತ್ತೈದು. ಅದರ ಮೇಲೆ ಕೊರೆದಿದ್ದ ಅಂಕಿಯನ್ನು ಅರದಿಂದ ಉಜ್ಜಿ ಅಳಿಸಿ ಗ್ರೀಸು ಬಳಿದೆ. ಆಮೇಲೆ ಅವನ ಹತ್ತಿರ ಹೋಗಿ, ಚೈನು ಎಣ್ಣೆ ಹಾಕಿ ಇಟ್ಟಿದ್ದೇನೆ, ಸುಮ್ಮನೆ ಕೂತು ಗೋಡೆ ಸವೆಸುವ ಬದಲು ಸೇತುವೆವರೆಗಾದರೂ ಹೋಗಿ ಬಾ ಎಂದು ಜಗಳ ತೆಗೆದೆ. ಜಗಳ ತೆಗೆಯುವುದು ನನಗೆ ಚೆನ್ನಾಗಿ ಬರುತ್ತದೆ. ಅವನು ನನ್ನ ಬಾಯಿ ತಪ್ಪಿಸಿಕೊಳ್ಳಲೆಂದೇ ಹೋದ.

ಸೇತುವೆಗೆ ಹೋದವನು ಆರನೆಯ ಕಿಲೋಮೀಟರಿನವರೆಗೆ ಹೋಗಿ ಬಂದ. ಆ ದಿನ ಮೆಕ್ಕೆಜೋಳದ ಅರೇಪ ರೊಟ್ಟಿ ಎರಡು ತಿಂದು ಮೂರನೆಯದು ಕೇಳಿದ.

ಕಾಲು ಹಗುರಾದರೆ ಯಾವನೂ ಸೈಕಲ್ಲಿನ ಹಲ್ಲು ಎಣಿಸಲು ಕೂರುವುದಿಲ್ಲ. ತನಗೆ ಶಕ್ತಿ ಬಂತು ಎಂದೇ ಪ್ರತಿಯೊಬ್ಬನೂ ತಿಳಿಯುವುದು. ಜೂನಿನಲ್ಲಿ ಇಪ್ಪತ್ತೈದನ್ನು ತೆಗೆದು ಇಪ್ಪತ್ತೆಂಟು ಹಾಕಿದೆ. ಅದೊಂದೇ ತಟ್ಟೆಯಂತೆ ಎದ್ದು ಕಾಣಬಾರದೆಂದು ಪಕ್ಕದ ಎರಡು ಚಕ್ರಗಳನ್ನೂ ಕೊಂಚ ದೊಡ್ಡದಕ್ಕೆ ಬದಲಿಸಿದೆ. ಚೈನಿಗೆ ಎರಡು ಕೊಂಡಿ ಸೇರಿಸಿದೆ. ಇಷ್ಟು ನಾಜೂಕಾದ ಕೆಲಸವನ್ನು ನಾನು ಗಿರಾಕಿಗಳಿಗೂ ಮಾಡಿದ್ದಿಲ್ಲ, ಮಾಡಿ ಹೆಮ್ಮೆಪಟ್ಟೆ ಕೂಡ. ಅಣ್ಣ ಪ್ರತಿ ಭಾನುವಾರ ಒಂದೊಂದು ತಿರುವು ಮೇಲೆ ಹೋಗಿ ಬರುತ್ತಿದ್ದ. ಬಂದವನು ಬಾಗಿಲಲ್ಲಿ ನಿಂತು, ಎದೆ ಬಿಚ್ಚಿಕೊಳ್ಳುತ್ತಾ ಇದೆ ಮಾರಾಯ್ತಿ, ಧೂಳೆಲ್ಲ ಉದುರುತ್ತಾ ಇದೆ ಎನ್ನುತ್ತಿದ್ದ. ಮನೆಯಲ್ಲಿ ಮತ್ತೆ ಶಿಳ್ಳೆ ಕೇಳಿಸಿತು. ನನ್ನ ಜೀವಮಾನದಲ್ಲಿ ನಾನು ಅಷ್ಟು ಸುಖವಾಗಿದ್ದ ತಿಂಗಳು ಇನ್ನೊಂದಿಲ್ಲ.

ಜುಲೈಯಲ್ಲಿ ಒಂದು ಮಧ್ಯಾಹ್ನ ಪಾಸ್ತೋರ್ ಅಂಗಡಿಗೆ ಬಂದ. ಬ್ರೇಕ್ ತಂತಿ ಬೇಕು ಎಂದ. ತಂತಿ ಕೈಗೆ ಕೊಟ್ಟರೂ ಹೋಗಲಿಲ್ಲ.

"ಎರ್ಸಿಲಿಯಕ್ಕ, ಇಬ್ರೂ ಒಟ್ಟೊಟ್ಟಿಗೇ ಹತ್ತಿದ್ರೂ ನಿಮ್ಮಣ್ಣನ ಕಾಲು ನನ್ನ ಕಾಲಿಗಿಂತ ಜಾಸ್ತಿ ಸುತ್ತು ಹಾಕ್ತಾ ಇದೆ."

"ವಯಸ್ಸಾದ್ ಮೇಲೆ ಕೆಲವ್ರಿಗೆ ಬುದ್ಧಿ ಬರತ್ತೆ, ಕೆಲವ್ರಿಗೆ ಕಾಲು ಬರತ್ತೆ. ನಿಂಗೆ ಎರಡೂ ಬರ್ಲಿಲ್ಲ."

ಅವನು ನಗಲಿಲ್ಲ. "ನಾನು ಎಣಿಸ್ಲಿಲ್ಲ ಅಕ್ಕ, ಎಣಿಸೋದೂ ಇಲ್ಲ. ಇದು ಎಲ್ಲಿಗ್ ಹೋಗಿ ನಿಲ್ಲತ್ತೆ ಅಂತ ನೀವು ಎಣಿಸಿದೀರಾ?"

ನಿನ್ನ ಆಲೂಗಡ್ಡೆ ಮೂಟೆ ಎಣಿಸಿಕೋ ಹೋಗು ಎಂದು ಕಳಿಸಿದೆ. ಅವನು ಹೋದ ಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ: ಇದು ಬರೀ ಸೈಕಲ್ಲು, ಒಬ್ಬ ಮುದುಕನ ಭಾನುವಾರದ ಸಂತೋಷ, ಯಾರ ಮನೆ ಮುಳುಗುತ್ತದೆ?

ಆಗಸ್ಟ್ ಮೂರನೆಯ ಭಾನುವಾರ ಅಣ್ಣ ತುದಿ ಮುಟ್ಟಿದ. ಕಾಲು ನೆಲಕ್ಕೆ ತಾಗಲಿಲ್ಲ. ಪಾಸ್ತೋರ್ ಹಿಂದೆಯೇ ಇದ್ದ, ಇನ್ನೂ ಆರೇಳು ಜನ ನೋಡಿದರು. ಇಳಿದು ಬಂದಾಗ ತುಟಿ ನೀಲಿಗಟ್ಟಿತ್ತು, ಕಣ್ಣು ಮಾತ್ರ ಇಪ್ಪತ್ತು ವರ್ಷದವನದು. ಚೌಕದಲ್ಲಿ ಎಲ್ಲರಿಗೂ ಬಿಸಿ ಬೆಲ್ಲದ ನೀರು ಕುಡಿಸಿದ. ಮೂವತ್ತರ ಚಕ್ರ ಹಾಕಿಸಿಕೊಂಡಿದ್ದ ಬೇಕರಿಯವನನ್ನು ಹಿಡಿದು, ಅಜ್ಜಿ, ನನ್ನ ಇಪ್ಪತ್ತಮೂರನ್ನು ಮುಟ್ಟಿ ನಮಸ್ಕಾರ ಮಾಡು ಎಂದು ರೇಗಿಸಿದ. ಬೇಕರಿಯವನು ನನ್ನ ಕಡೆ ನೋಡಿ ಪೆಚ್ಚಾಗಿ ನಕ್ಕ. ನಾನು ಲೋಟ ತೊಳೆಯಲು ಒಳಗೆ ಹೋದೆ.

ಸೋಮವಾರ ಬೆಳಿಗ್ಗೆ ಅಣ್ಣ ಗಣಿಯ ಮೇಸ್ತ್ರಿಯ ಹತ್ತಿರ ಹೋದ. ಮೇಸ್ತ್ರಿಯೂ ಸುದ್ದಿ ಕೇಳಿದ್ದ. ಘಟ್ಟ ಹತ್ತಿದವನನ್ನು ಬೇಡ ಎನ್ನಲು ಅವನಿಗೆ ಕಾರಣವಿರಲಿಲ್ಲ, ಚೀಟಿ ಗೀಟಿ ಕೇಳುವ ಜಾತಿಯ ಗಣಿಯೂ ಅದಲ್ಲ. ಮಂಗಳವಾರದಿಂದ ಬಾ ಎಂದ.

ಸೈಕಲ್ಲು ಬೇರೆ, ಗಣಿ ಬೇರೆ ಎಂದುಕೊಂಡಿದ್ದೆ. ನಮ್ಮೂರಲ್ಲಿ ಹುಟ್ಟಿ, ಐವತ್ತನಾಲ್ಕು ವರ್ಷ ಇಲ್ಲೇ ಬೆಳೆದವಳು ಅಂದುಕೊಳ್ಳಬಾರದ ಮಾತು ಅದು.

ಮಂಗಳವಾರ ಬೆಳಿಗ್ಗೆ ಬುತ್ತಿ ಕಟ್ಟುತ್ತಾ ಸೆಪ್ಟೆಂಬರ್ ಹನ್ನೆರಡನ್ನು ನೆನಪಿಸಿದೆ. ಅಣ್ಣ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ.

"ಡಾಕ್ಟ್ರಮ್ಮ ನನ್ನ ಫೋಟೋ ನೋಡಿದ್ಲು, ಘಟ್ಟ ನನ್ನನ್ನೇ ನೋಡ್ತು. ಯಾರನ್ನ ನಂಬ್ಲಿ, ನೀನೇ ಹೇಳು."

ಹೇಳಬೇಕಾದದ್ದು ಒಂದೇ ವಾಕ್ಯ. ಬಾಯಿ ಜೋರಿನ ಎರ್ಸಿಲಿಯಾಳಿಗೆ ನಾಲಿಗೆ ಹೊರಳಲಿಲ್ಲ. ಹೇಳಿದರೆ ಅವನು ಮತ್ತೆ ಆ ಬೆಂಚಿಗೆ ಹೋಗುತ್ತಾನೆ ಎಂಬ ಭಯ ಒಂದು ಕಡೆ. ಅದಕ್ಕಿಂತ ದೊಡ್ಡ ಭಯ, ಅವನು ನನ್ನನ್ನು ನೋಡುವ ನೋಟದ್ದು. ಊರೆಲ್ಲರ ಎದುರು ಅವನು ಕುಡಿಸಿದ ಬೆಲ್ಲದ ನೀರು, ಬೇಕರಿಯವನಿಗೆ ಆಡಿದ ಮಾತು, ಎಲ್ಲವೂ ನಗೆಪಾಟಲಾಗುತ್ತಿತ್ತು. ನಾಳೆ ಹೇಳೋಣ ಎಂದುಕೊಂಡೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಹಾಗೆ ಒಂದೊಂದು ದಿನ ತಪ್ಪಿಸಿಕೊಂಡೆ. ತಪ್ಪಿಸಿಕೊಂಡವಳು ನಾನು, ಪೆಟ್ಟು ಬೀಳುತ್ತಿದ್ದದ್ದು ಅವನ ಎದೆಗೆ.

ಸೆಪ್ಟೆಂಬರ್ ಹನ್ನೆರಡು ಬಂತು, ಹೋಯಿತು. ಅಕ್ಟೋಬರಿನಲ್ಲಿ ಅವನು ಭಾನುವಾರ ಮಾತೆಯ ಗುಡಿಯ ಹತ್ತಿರ ಮತ್ತೆ ಏದುಸಿರು ಬಿಡುತ್ತಿದ್ದಾನೆಂದು ಪಾಸ್ತೋರ್ ಬಂದು ಹೇಳಿದ. ಹೇಳಿ ನನ್ನ ಮುಖ ನೋಡುತ್ತಾ ನಿಂತ. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಆಗ ಹೇಳಿದ್ದರೆ ಅಣ್ಣನ ಎದೆ ಇನ್ನೂ ಒಂದಿಷ್ಟು ಉಳಿಯುತ್ತಿತ್ತು. ಪಾಸ್ತೋರ್ ಹೋದ ಮೇಲೆ ನಾನು ಏನು ಮಾಡಿದೆನೆಂದರೆ, ಇಪ್ಪತ್ತೆಂಟನ್ನು ಬಿಚ್ಚಿ ಮೂವತ್ತು ಹಾಕಿದೆ. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ನವೆಂಬರ್ ಎರಡನೆಯ ವಾರ ಅವನನ್ನು ಸುರಂಗದಿಂದ ಹೊತ್ತು ತಂದರು. ಪಟ್ಟಣದ ಆಸ್ಪತ್ರೆಯಲ್ಲಿ ಹನ್ನೊಂದು ದಿನ. ಅದೇ ಡಾಕ್ಟರಮ್ಮ. ಮಾರ್ಚಿನ ಎಕ್ಸ್‌ರೇ, ಈಗಿನದು ಎರಡನ್ನೂ ಬೆಳಕಿಗೆ ಹಿಡಿದಳು. ನಾನು ಎಕ್ಸ್‌ರೇ ಓದಬಲ್ಲವಳಲ್ಲ, ಆದರೂ ಕಂಡಿತು. ಮೂರು ತಿಂಗಳು ಮತ್ತೆ ಕೆಳಗೆ ಇಳಿಯದೇ ಇದ್ದಿದ್ದರೆ ಇದು ಹೀಗಾಗುತ್ತಿರಲಿಲ್ಲ, ಇನ್ನು ಮಾಡುವುದಕ್ಕೆ ಹೆಚ್ಚೇನೂ ಉಳಿದಿಲ್ಲ ಎಂದಳು. ಬೈಯಲಿಲ್ಲ. ಮನೆಯಲ್ಲಿ ತಡೆಯುವವರು ಯಾರೂ ಇರಲಿಲ್ಲವೇ ಎಂದಷ್ಟೇ ಕೇಳಿದಳು. ಆಮ್ಲಜನಕದ ಸಿಲಿಂಡರ್ ಜೊತೆ ಮನೆಗೆ ಕಳಿಸಿದರು.

ಮಂಚವನ್ನು ಅಂಗಡಿಯ ಹಿಂದಿನ ಕೋಣೆಗೆ ಹಾಕಿದೆ, ಜನರ ಮಾತು ಕೇಳಿಸಲಿ ಎಂದು. ಅವನು ಮಲಗಿ ಒಂದನ್ನೇ ಯೋಚಿಸುತ್ತಿದ್ದ. ಗಾವಿಲಾನ್ ಹತ್ತಿದ ಎದೆ ಮೂರೇ ತಿಂಗಳಲ್ಲಿ ಹೀಗೇಕಾಯಿತು? ಯಾರಾದರೂ ಕಣ್ಣು ಹಾಕಿದರೇ? ತಾನೇ ಏನಾದರೂ ಪಾಪ ಮಾಡಿದೆನೇ? ದಿನಕ್ಕೆ ಹತ್ತು ಸಲ ಇದೇ ಪ್ರಶ್ನೆ, ಎರಡು ಉಸಿರಿನ ನಡುವೆ ತುಂಡು ತುಂಡಾಗಿ. ತಪ್ಪನ್ನೆಲ್ಲ ತನ್ನ ತಲೆಗೇ ಕಟ್ಟಿಕೊಳ್ಳುತ್ತಿದ್ದ. ಡಿಸೆಂಬರಿನ ಒಂದು ಮಧ್ಯಾಹ್ನ ನನ್ನನ್ನು ಕರೆದು ಸೈಕಲ್ಲು ಸಿದ್ಧಮಾಡಿಡು, ಜನವರಿಯಲ್ಲಿ ಇನ್ನೊಮ್ಮೆ ಘಟ್ಟವನ್ನೇ ಕೇಳುತ್ತೇನೆ ಎಂದ.

ಆಗ ಹೇಳಿದೆ. ಮುಂದಿನ ಮೂರು ಹಲ್ಲು, ಹಿಂದಿನ ಇಪ್ಪತ್ತೈದು, ಇಪ್ಪತ್ತೆಂಟು, ಮೂವತ್ತು, ಅರ, ಗ್ರೀಸು, ಚೈನಿನ ಕೊಂಡಿ, ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಅವನು ಕೈ ಸನ್ನೆ ಮಾಡಿ ಸೈಕಲ್ಲು ತರಿಸಿಕೊಂಡ. ಮಂಚದ ಪಕ್ಕ ತಲೆಕೆಳಗಾಗಿ ನಿಲ್ಲಿಸಿದೆ. ಬಾಗಿ, ದೊಡ್ಡ ಚಕ್ರದ ಹಲ್ಲುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ಎಣಿಸತೊಡಗಿದ. ಹನ್ನೊಂದಕ್ಕೆ ಉಸಿರು ಕಟ್ಟಿತು. ಮೊದಲಿನಿಂದ ಶುರುಮಾಡಿದ. ಒಂಬತ್ತಕ್ಕೆ ನಿಂತ. ಕೊನೆಗೆ ನಾನೇ ಅವನ ಬೆರಳು ಹಿಡಿದು, ಜೋರಾಗಿ ಎಣಿಸುತ್ತಾ, ಮೂವತ್ತನ್ನೂ ಮುಟ್ಟಿಸಿದೆ.

ಬೈಯುತ್ತಾನೆಂದು ಕಾದೆ. ಹೊಡೆದರೂ ಹೊಡೆಯಲಿ ಎಂದು ಹತ್ತಿರವೇ ಕೂತೆ. ಅವನು ಕೇಳಿದ್ದು ಬೇರೆ.

"ಹಂಗಾದ್ರೆ ನಾನು ಕೊನೇ ಸಲ ಹತ್ತಿದ್ದು ಯಾವಾಗ?"

"ಆಗಸ್ಟಲ್ಲಿ ಹತ್ತಿದ್ಯಲ್ಲಣ್ಣ. ಹಲ್ಲು ನಂದಿರಬಹುದು, ಕಾಲು ನಿಂದೇ ಅಲ್ವಾ?"

"ಅದು ನೀನು ಹತ್ತಿದ್ದು. ನಾನು ಹತ್ತಿದ್ದು ಹೇಳು."

ನನಗೆ ಗೊತ್ತಿತ್ತು. ಜ್ವರ ಬರುವುದಕ್ಕೆ ಹದಿನೈದು ದಿನ ಮೊದಲು, ಫೆಬ್ರವರಿಯ ಎರಡನೆಯ ಭಾನುವಾರ. ಪಾಸ್ತೋರ್ ಜೊತೆಗೆ ಹೋಗಿದ್ದ, ಊಟದ ಹೊತ್ತಿಗೆ ಬಂದಿದ್ದ. ಹೇಳಿದೆ. ಅವನು ಕಣ್ಣು ಮುಚ್ಚಿ ನೆನಪು ಮಾಡಿಕೊಳ್ಳಲು ನೋಡಿದ. ಹಣೆ ಸುಕ್ಕುಗಟ್ಟಿತು. ನಲವತ್ತು ವರ್ಷದ ಭಾನುವಾರಗಳಲ್ಲಿ ಆ ಒಂದನ್ನು ಹುಡುಕುತ್ತಿದ್ದ.

"ಅವತ್ತು ಮಂಜಿತ್ತಾ, ಬಿಸಿಲಿತ್ತಾ?"

ನನಗೆ ತಿಳಿಯದು ಎಂದೆ. ನಾನು ಅಂಗಡಿಯಲ್ಲಿದ್ದೆ.

"ಶಿಲುಬೆ ಮುಟ್ಟಿ ಹಂಗೇ ತಿರುಗಿರ್ತೀನಿ, ಊಟಕ್ಕೆ ಹೊತ್ತಾಯ್ತು ಅಂತ," ಎಂದ. ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. "ಮಾರ್ಚಲ್ಲಿ ಆ ಬೆಂಚಲ್ಲಿ ಕೂತು ಆ ಕೊನೇ ಭಾನುವಾರನೇ ಹುಡುಕ್ತಿದ್ದೆ. ಸಿಗೋದ್ರಲ್ಲಿತ್ತು. ನೀನು ಬಂದು ಎಬ್ಬಿಸ್ದೆ."

ಮೂಗಿನ ಕೊಳವೆಯನ್ನು ಸರಿಮಾಡಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಸೈಕಲ್ಲನ್ನು ಎತ್ತಿಕೊಂಡು ಹೊರಗೆ ಬಂದೆ.